ಜೊಂಡಿನ ಮರೆ

ಈ ಕಥೆಯಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಉದುರಿಹೋಗಲಿ. ಹತ್ತೂರಿನಲ್ಲಿ ಅಂಥ ಮೀಸೆ ಇನ್ನೊಂದಿಲ್ಲ, ನೆನಪಿರಲಿ.

ಹೊಳೆದಂಡೆಯ ಆಶ್ರಮದಲ್ಲಿ ತೋಂಟಯ್ಯ ಗುರುಗಳು ಶಿಷ್ಯರಿಗೆ ಯುದ್ಧದ ಆಟ ಆಡಿಸುತ್ತಿದ್ದರು. ಮರಳ ಮೇಲೆ ಗುಡ್ಡ, ಕಾಡು, ಕೋಟೆ ಗೀಚಿ ಕಥೆ ಹೇಳುವರು. ಒಬ್ಬೊಬ್ಬ ಶಿಷ್ಯನಿಗೂ ಕಥೆಯಲ್ಲೊಬ್ಬ ವೀರ. ಏನು ಮಾಡಬೇಕೆಂದು ಶಿಷ್ಯ ಹೇಳಬೇಕು, ಆದದ್ದೇನೆಂದು ದಾಳ ಹೇಳುತ್ತದೆ. ವೀರ ಸತ್ತರೆ ಆಡಿದವರು ಒಂದು ವರ್ಷ ಆಟದಿಂದ ಹೊರಗೆ.

ಚಂದ್ರಾಮನ ವೀರ ಭೈರ. ನೀಲಕ್ಕನ ಪಾಲಿಗೆ ಹೊನ್ನಿ. ಅಂದು ಹೊನ್ನಿಗೆ ಗಾಯವಾಗಿ ಒಂದೇ ಉಸಿರು ಉಳಿದಿತ್ತು. ಎದುರಿಗೆ ಬಿಲ್ಲು ಹಿಡಿದ ಕಳ್ಳ.

"ತಮ್ಮಾ, ಹೊನ್ನಿ ನಿನ್ನ ಮರೆಹೊಕ್ಕಾಳ. ಎಲ್ಲಿಗೆ ಒಯ್ತೀಯೋ ಒಯ್ಯಿ," ಅಂದಳು ನೀಲಕ್ಕ.

ಬಲಕ್ಕೆ ಬಂಡೆ, ಎಡಕ್ಕೆ ಜೊಂಡುಹುಲ್ಲು. ಬಂಡೆ ಗಿಡ್ಡ, ತಲೆ ಕಾಣುತ್ತದೆ ಎಂದು ಚಂದ್ರಾಮ ಜೊಂಡನ್ನೇ ಆರಿಸಿದ. ಹೊನ್ನಿಯನ್ನು ಮುಂದೆ ಕೂರಿಸಿ, ಬೆನ್ನು ಕಾಯುತ್ತೇನೆಂದು ಭೈರನನ್ನು ಅವಳ ಹಿಂದೆ ಕೂರಿಸಿದ.

ಕಳ್ಳ ಜೊಂಡಿನೊಳಕ್ಕೆ ಅಂದಾಜಿನ ಮೇಲೆ ಬಾಣ ಬಿಟ್ಟ. ಕಾಣದೆ ಬಿಟ್ಟ ಬಾಣ ತಗಲಬೇಕಾದರೆ ಎರಡು ದಾಳ ಸೇರಿ ಹನ್ನೆರಡೇ ಬೀಳಬೇಕು.

ಹನ್ನೆರಡೇ ಬಿತ್ತು.

ನೀಲಕ್ಕ ಮರಳ ಮೇಲಿದ್ದ ಹೊನ್ನಿಯ ಹೆಸರನ್ನು ಅಂಗೈಯಿಂದ ಒರೆಸಿ ಎದ್ದುಹೋದಳು.

ಚಂದ್ರಾಮ, ಕಾಣದವರಿಗೆ ಬಾಣ ತಗಲುವುದು ಯಾವ ನ್ಯಾಯವೆಂದು ಗುರುಗಳ ಮುಂದೆ ವಾದಕ್ಕೆ ನಿಂತ.

ಗುರುಗಳು ಅವನನ್ನು ಒಣಹಾಕಿದ್ದ ಕಾವಿ ಪಂಚೆಯ ಹಿಂದೆ ನಿಲ್ಲಿಸಿ ಒಂದು ಕಲ್ಲು ಬೀಸಿದರು. ಅದು ಪಂಚೆ ಸಮೇತ ಬಂದು ಮೊಣಕಾಲಿಗೆ ಬಡಿಯಿತು.

"ನೀನು ನನಗೆ ಕಂಡೆಯೇನು?"

"ಇಲ್ಲ ಗುರುಗಳೇ."

"ತಗಲಿತೇನು?"

"ತಗಲಿತು."

"ಪಂಚೆ ಕಣ್ಣು ತಡೀತದೆ, ಕಲ್ಲು ತಡೆಯೋದಿಲ್ಲ. ಬಂಡೆ ಕಣ್ಣು ತಡೀದಿದ್ದರೂ ಬಾಣ ತಡೀತಿತ್ತು."

ಚಂದ್ರಾಮ ತಲೆ ತಗ್ಗಿಸಿದ. ಆದರೂ ಒಂದು ಮುಳ್ಳು ಒಳಗೇ ಮುರಿದುಕೊಂಡಿತ್ತು.

"ಜೊಂಡಿನಲ್ಲಿ ಇಬ್ಬರೂ ಇದ್ದೆವು. ಭೈರನಿಗೆ ಯಾಕೆ ತಗಲಲಿಲ್ಲ?"

ಗುರುಗಳು ಉತ್ತರ ಕೊಡುವ ಮೊದಲು ನನ್ನದೊಂದು ತಪ್ಪೊಪ್ಪಿಗೆ. ಕಲ್ಲು ಬಡಿದದ್ದು ಮೂಗಿಗೆ. ಹುಡುಗನ ಮಾನ ಉಳಿಯಲೆಂದು ಮೊಣಕಾಲಿಗೆ ಇಳಿಸಿದೆ. ಅರ್ಧ ಮೀಸೆ ಹೋದರೆ ಹೋಗಲಿ. ಉತ್ತರ ಮಾತ್ರ ಗುರುಗಳದೇ, ಒಂದಕ್ಷರವೂ ನನ್ನದಲ್ಲ.

"ಅವಳು ನಿನ್ನ ಮರೆಹೊಕ್ಕಳು, ಚಂದ್ರಾಮ. ನೀನು ಅವಳ ಮರೆಯಲ್ಲಿ ಕೂತೆ."