ಆಚೆ ದಂಡೆಯಿಂದ ಕಂಡ ಉಲ್ಕೆಗಳು

ಹೊಳೆಯ ದಂಡೆಯ ಹಾಸುಬಂಡೆಯ ಮೇಲೆ ಶಿಷ್ಯರನ್ನು ಮಲಗಿಸಿ ಆಕಾಶ ನೋಡುವುದನ್ನು ಕಲಿಸುವ ಗುರುಗಳೊಬ್ಬರಿದ್ದರು. ಹೆಸರು ರೇವಣಾರ್ಯ. ನಲವತ್ತು ವರ್ಷ ನೋಡಿದ ಕಣ್ಣಿಗೆ ಈಗ ಪೊರೆ ಬಂದಿತ್ತು. ಹಗಲು ಅವರಿಗೆ ಮಂಜು, ಇರುಳು ಬರೀ ಕಪ್ಪು.

ಅವರ ಬಳಿ ಉಳಿದಿದ್ದ ಶಿಷ್ಯೆ ಜಕ್ಕವ್ವ ಒಬ್ಬಳೇ. ಅವಳು ಕಂಡದ್ದನ್ನು ಹೇಳುವಳು, ಅವರು ಕೇಳುವರು, ಆಮೇಲೆ ಅವಳು ಕಬ್ಬಿಣದ ಕಂಟದಿಂದ ತಾಳೆಗರಿಯಲ್ಲಿ ಬರೆಯುವಳು.

ಶ್ರಾವಣದ ಚೌತಿಯ ಸಂಜೆ. ಮಳೆ ಬಿಡುವು ಕೊಟ್ಟು ಆಕಾಶ ತೊಳೆದಿಟ್ಟಂತಿತ್ತು.

“ಏನು ಕಾಣುತ್ತೆ?” ಎಂದರು ಗುರುಗಳು.

“ಪಡುವಣದಲ್ಲಿ ಚಂದ್ರ. ತೆಳ್ಳಗಿದ್ದಾನೆ. ಅವನ ಕೆಳಗೆ ಶುಕ್ರ.”

“ಶುಕ್ರ ಅಂತ ಯಾರು ಹೇಳಿದರು?”

“ಪಂಚಾಂಗದಲ್ಲಿದೆ, ಗುರುಗಳೇ.”

“ಪಂಚಾಂಗ ನಾನೂ ಓದಿದ್ದೇನೆ. ನಿನ್ನ ಕಣ್ಣು ಏನು ಹೇಳುತ್ತೆ?”

ಜಕ್ಕವ್ವ ಸ್ವಲ್ಪ ಹೊತ್ತು ನೋಡಿದಳು. “ಅದು ಮಿನುಗುತ್ತಿಲ್ಲ. ನಿಂತು ಉರಿಯುತ್ತಿದೆ. ನಿನ್ನೆ ಚಂದ್ರನ ಮಗ್ಗುಲಲ್ಲೇ ಇತ್ತು. ಇವತ್ತು ಚಂದ್ರ ಅದನ್ನು ದಾಟಿ ಮೇಲೆ ಹೋಗಿದ್ದಾನೆ.”

“ಈಗ ಬರಿ.”

ಮರುದಿನ ನಾಗರ ಪಂಚಮಿ. ಇನ್ನೂ ಕೋಳಿ ಕೂಗಿರಲಿಲ್ಲ, ಉಲ್ಕೆಗಳು ಬೀಳತೊಡಗಿದವು.

ಜಕ್ಕವ್ವ ಎದ್ದು ಕುಳಿತಳು. “ಒಂದು ಬಿತ್ತು! ಅಗೋ, ಇನ್ನೊಂದು! ಗುರುಗಳೇ, ದೊಡ್ಡದೊಂದು, ಹಸಿರು ಬಾಲ, ಹೊಳೆಯಾಚೆ ಮೇದರ ಕೇರಿಯ ಮೇಲೇ ಹೋಯಿತು!”

“ಎಲ್ಲಿಂದ ಹೊರಟಿತು?”

“ಅದನ್ನು ನೋಡಲಿಲ್ಲ.”

“ಬೀಳುವುದನ್ನು ಎಲ್ಲರೂ ನೋಡುತ್ತಾರೆ,” ಎಂದು ಗುರುಗಳು ಮಗ್ಗುಲಾದರು.

ಹೊತ್ತು ಹುಟ್ಟುವಷ್ಟರಲ್ಲಿ ಅವಳು ತೊಂಬತ್ತೇಳು ಎಣಿಸಿದ್ದಳು.

ಆ ದೊಡ್ಡ ಉಲ್ಕೆಯನ್ನು ಈಚೆ ದಂಡೆಯ ಕೋಟೆಯವರೂ ಕಂಡಿದ್ದರು. ಮಧ್ಯಾಹ್ನಕ್ಕೆ ಡಂಗುರ ಹೊಡೆಸಿದರು. ಮೇದರ ಕೇರಿಯ ಮೇಲೆ ನಕ್ಷತ್ರ ಬಿದ್ದಿದೆ, ಆ ಕೇರಿ ನಾಡಿಗೆ ಕೇಡು, ಹುಣ್ಣಿಮೆಯೊಳಗೆ ಖಾಲಿ ಮಾಡಬೇಕು ಎಂದು ಆಸ್ಥಾನದ ಜೋಯಿಸರು ಹೇಳಿದ್ದಾರಂತೆ. ದೊರೆ ಸೂರಪ್ಪ ನಾಯಕನಿಗೆ ಆ ದಂಡೆಯಲ್ಲಿ ಕುದುರೆ ಲಾಯ ಕಟ್ಟುವ ಆಸೆ ಮೂರು ವರ್ಷದಿಂದ ಇತ್ತು. ಅದನ್ನು ಡಂಗುರದವನು ಸಾರಲಿಲ್ಲ.

ಸಂಜೆ ಕೋಟೆಯ ಬಂಟನೊಬ್ಬ ಗುರುಗಳ ಆಶ್ರಮಕ್ಕೆ ಬಂದ.

“ಆಚಾರ್ಯರೇ, ನಿಮ್ಮ ಮಾತನ್ನು ಊರು ನಂಬುತ್ತದೆ. ನಕ್ಷತ್ರ ಕೇರಿಯ ಮೇಲೆ ಬಿತ್ತು ಅಂತ ನಿಮ್ಮಲ್ಲೂ ಬರೆದಿಟ್ಟಿದ್ದರೆ ಆ ಗರಿ ನಾಡಿದ್ದು ಚಾವಡಿಗೆ ತರಬೇಕಂತೆ. ತಂದರೆ ಆಶ್ರಮಕ್ಕೆ ಹೊಸ ಮಾಡು ಹೊದಿಸುತ್ತಾರೆ.”

“ತರದಿದ್ದರೆ?”

ಬಂಟ ನೆಲ ನೋಡಿದ. “ಈ ಜಾಗ ಕೋಟೆಯದ್ದು, ಸ್ವಾಮಿ.”

ಅವನು ಹೋದ ಮೇಲೆ ಜಕ್ಕವ್ವ ಗುರುಗಳ ಬಳಿ ಬಂದು ಕುಳಿತಳು. ಆಮೇಲೆ ಮೆಲ್ಲಗೆ ಹೇಳಿದಳು. “ಗುರುಗಳೇ, ಆ ದೊಡ್ಡದು ಕೇರಿಯ ಕಡೆಗೇ ಹೋಗಿದ್ದು ನಿಜ. ಬರೆದುಕೊಟ್ಟರೆ ಸುಳ್ಳಾಗುವುದಿಲ್ಲ.”

“ಹಾಗಾದರೆ ಬರಿ.”

ಅವಳು ಬರೆದಳು.

“ಓದು.”

“ಪಂಚಮಿಯ ಬೆಳಗಿನ ಜಾವ ದೊಡ್ಡ ಉಲ್ಕೆಯೊಂದು ಮೇದರ ಕೇರಿಯ ಮೇಲೆ ಬಿದ್ದಿತು.”

“ಉಳಿದ ತೊಂಬತ್ತಾರು?”

“ಗರಿಯಲ್ಲಿ ಜಾಗ ಇಲ್ಲ, ಗುರುಗಳೇ.”

ಗುರುಗಳು ಬೈಯಲಿಲ್ಲ. ಕೋಲು ಹುಡುಕಿಕೊಂಡು ಎದ್ದರು.

“ಈ ಬೆಳಗಿನ ಜಾವ ಇಲ್ಲಿ ಮಲಗಬೇಡ. ಹೊಳೆ ದಾಟಿ ಕೇರಿಯಲ್ಲಿ ಮಲಗು.”

ಮೇದರೇ ಹೆಣೆದ ಹರಿಗೋಲಿನಲ್ಲಿ ಜಕ್ಕವ್ವ ಆಚೆ ದಂಡೆಗೆ ಹೋದಳು. ಕೇರಿಯಲ್ಲಿ ಯಾರೂ ಮಲಗಿರಲಿಲ್ಲ. ಗಂಟುಮೂಟೆಗಳು ಬಾಗಿಲಿಗೆ ಬಂದಿದ್ದವು. ಹುಲಿಗೆವ್ವ ಎಂಬ ಮುದುಕಿ ಅಂಗಳದಲ್ಲಿ ಚಾಪೆ ಹಾಸಿಕೊಟ್ಟು ತಾನೂ ಪಕ್ಕಕ್ಕೆ ಕುಳಿತಳು.

ಮೂಡಣ ಬಡಗಣದ ನಡುವೆ ಒಂದು ಉಲ್ಕೆ ಚಿಮ್ಮಿತು. ಹೊಳೆಯ ಮೇಲೆ ಹಾದು ಕೋಟೆಯ ದಿಕ್ಕಿಗೆ ಇಳಿಯಿತು.

“ಅಯ್ಯೋ, ನಿಮ್ಮ ಕಡೆಗೇ ಹೋಯಿತಲ್ಲ ತಾಯಿ,” ಎಂದಳು ಹುಲಿಗೆವ್ವ. “ನಿನ್ನೆಯೂ ಹಂಗೇ. ನಿಮ್ಮ ಆಶ್ರಮದ ಮೇಲೆ ಎರಡು ಬಿದ್ದವು. ಕಣ್ಣು ಕಾಣದ ಮುದುಕಪ್ಪನಿಗೆ ಏನಾಯಿತೋ ಅಂತ ನಮ್ಮ ಹುಡುಗರನ್ನು ಕಳಿಸೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಡಂಗುರ ಬಂತು.”

ಜಕ್ಕವ್ವನಿಗೆ ತಾನು ಸಂಜೆ ಬರೆದ ಗರಿ ನೆನಪಾಯಿತು. ಅವಳ ಮುಖ ಬಿಸಿಯಾಗಿತ್ತು.

ಆಮೇಲೆ ಅವಳು ಉಲ್ಕೆಗಳ ತಲೆ ಬಿಟ್ಟು ಬುಡ ನೋಡತೊಡಗಿದಳು. ಒಂದೊಂದರ ಗೆರೆಯನ್ನೂ ಹಿಂದಕ್ಕೆ ಎಳೆದು ನೋಡಿದಳು. ಕೋಟೆಯ ಕಡೆಗೆ ಹೋದದ್ದು, ಕೇರಿಯ ಕಡೆಗೆ ಹೋದದ್ದು, ಬೆಟ್ಟದ ಕಡೆಗೆ ಹೋದದ್ದು, ಎಲ್ಲ ಗೆರೆಯೂ ಕೃತ್ತಿಕೆಯ ಬಡಗಣಕ್ಕೆ ಒಂದೇ ತಾವಿನಲ್ಲಿ ಕೂಡುತ್ತಿದ್ದವು. ಅಲ್ಲಿಂದ ಹೊರಟು ಯಾರನ್ನೂ ಕೇಳದೆ ದಿಕ್ಕುದಿಕ್ಕಿಗೆ ಚೆದುರುತ್ತಿದ್ದವು.

ಬೆಳಗಾದಾಗ ಅವಳ ಮಡಿಲಲ್ಲಿ ಗೀಚಿದ ಗರಿಗಳು ಏಳು.

ಮರುದಿನ ಚಾವಡಿ ತುಂಬಿತ್ತು. ದೊರೆ ಮೇಲೆ, ಜೋಯಿಸರು ಪಕ್ಕದಲ್ಲಿ. ಗುರುಗಳ ಕೈ ಹಿಡಿದು ಜಕ್ಕವ್ವ ನಡುವೆ ಬಂದು ನಿಂತಳು.

“ಗರಿ ತಂದಿರಾ, ಆಚಾರ್ಯರೇ?” ಎಂದ ದೊರೆ, ಗೌರವದಿಂದಲೇ.

“ಅವಳು ತಂದಿದ್ದಾಳೆ.”

ಜಕ್ಕವ್ವ ಓದಿದಳು. “ಷಷ್ಠಿಯ ಬೆಳಗಿನ ಜಾವ ಕಂಡ ಉಲ್ಕೆಗಳು ನೂರ ಹನ್ನೆರಡು. ಎಲ್ಲವೂ ಹೊರಟದ್ದು ಒಂದೇ ತಾವಿನಿಂದ. ಮೇದರ ಕೇರಿಯ ಕಡೆ ಹೋದವು ಒಂಬತ್ತು. ಜನರಿಲ್ಲದ ಬೆಟ್ಟದ ಕಡೆ ಹೋದವು ನಲವತ್ತು, ಬಯಲ ಕಡೆ ನಲವತ್ತೊಂಬತ್ತು.”

ಅವಳು ಉಸಿರು ತೆಗೆದುಕೊಂಡಳು.

“ಕೋಟೆಯ ಕಡೆ ಹೋದವು ಹದಿನಾಲ್ಕು.”

ಚಾವಡಿಯಲ್ಲಿ ಗುಜುಗುಜು ಎದ್ದಿತು.

“ನಕ್ಷತ್ರ ಹೋದ ಕಡೆ ಖಾಲಿ ಮಾಡಬೇಕು ಅನ್ನುವುದಾದರೆ, ದೊರೆಗಳೇ, ಮೊದಲು ಖಾಲಿ ಆಗಬೇಕಾದ್ದು ಈ ಕೋಟೆ.”

ಜೋಯಿಸರು ಎದ್ದು ನಿಂತರು. “ಇವಳ ಮಾತು ಬಿಡಿ! ರೇವಣಾರ್ಯರೇ, ಇದನ್ನು ನೀವು ಕಣ್ಣಾರೆ ಕಂಡಿರಾ?”

“ಇಲ್ಲ,” ಎಂದರು ಗುರುಗಳು. “ನನಗೆ ಕಣ್ಣಿಲ್ಲ. ನೀವು ಕಂಡಿರಾ?”

“ನಾನು ಗಣಿತದಿಂದ ಹೇಳಿದೆ.”

“ಅವಳು ಬಯಲಲ್ಲಿ ಮಲಗಿ ಹೇಳಿದಳು.”

ದೊರೆ ಒಂದು ಗರಿಯನ್ನು ಜಕ್ಕವ್ವನ ಮುಂದೆ ಇಡಿಸಿದ. ಅದರಲ್ಲಿ, ನಕ್ಷತ್ರ ಬಿದ್ದದ್ದು ಮೇದರ ಕೇರಿಯ ಮೇಲೆ ಮಾತ್ರ, ಆ ಕೇರಿ ನಾಡಿಗೆ ಕೇಡು ಎಂದು ಆಗಲೇ ಬರೆದಾಗಿತ್ತು. ಕೆಳಗೆ ಒಪ್ಪ ಹಾಕುವುದೊಂದು ಬಾಕಿ.

“ಕಂಟ ತಗೋ,” ಎಂದ. ಈಗ ಅವನ ದನಿಯಲ್ಲಿ ಗೌರವವಿರಲಿಲ್ಲ. “ಒಪ್ಪ ಹಾಕಿದರೆ ಆಶ್ರಮ ನಿಮ್ಮದು. ಇಲ್ಲವಾದರೆ ಹೊತ್ತು ಮುಳುಗುವುದರೊಳಗೆ ಅಲ್ಲಿ ನಿಮ್ಮ ಒಂದು ಚೊಂಬೂ ಇರಕೂಡದು.”

ಜಕ್ಕವ್ವ ಗುರುಗಳ ಮುಖ ನೋಡಿದಳು. ಆ ಮುಖ ಅವಳ ಕಡೆ ತಿರುಗಿರಲಿಲ್ಲ.

ಅವಳು ಕಂಟ ತೆಗೆದುಕೊಂಡಳು. ಗರಿಯ ಕೆಳಗೆ ಬರೆದಳು. ಜೋಯಿಸರು ಬಗ್ಗಿ ನೋಡಿ ಹಿಂದೆ ಸರಿದರು.

“ಏನು ಬರೆದಿದ್ದಾಳೆ? ಓದಿ!” ಎಂದ ದೊರೆ.

ಜೋಯಿಸರು ಗರಿ ಎತ್ತಿಕೊಂಡರು. “ಇದು ಸುಳ್ಳು, ಜಕ್ಕವ್ವನ ಒಪ್ಪ... ಅಂತ ಬರೆದಿದ್ದಾಳೆ, ದೊರೆಗಳೇ.”

ಹೊತ್ತು ಮುಳುಗುವ ಮೊದಲೇ ಆಶ್ರಮ ಖಾಲಿಯಾಯಿತು. ಒಯ್ಯಲು ಹೆಚ್ಚೇನೂ ಇರಲಿಲ್ಲ. ತಾಳೆಗರಿಯ ಕಟ್ಟುಗಳಿಗೆ ಮಾತ್ರ ಎರಡು ಹರಿಗೋಲು ಬೇಕಾದವು. ಮೇದರೇ ಬಂದು ತಮ್ಮ ಕೇರಿಗೆ ಹೊತ್ತರು.

ಆ ರಾತ್ರಿ ಊರಿಗೆ ಊರೇ ಮಾಳಿಗೆ ಹತ್ತಿತು. ಕೋಟೆಯ ಕಾವಲುಗಾರರೂ ತಲೆಯೆತ್ತಿ ನಿಂತರು. ಉಲ್ಕೆಗಳು ಕಡಿಮೆಯಾಗಿದ್ದವು, ಆದರೆ ಇದ್ದವು. ಬೆಳಗಿನ ಜಾವ ಒಂದು ಉಲ್ಕೆ ಕೋಟೆಯ ಬಾವುಟದ ಮೇಲೆ ಉರಿಯುತ್ತ ಹಾದುಹೋಯಿತು. ಅದನ್ನು ನೋಡದವರೇ ಇರಲಿಲ್ಲ.

ಹುಣ್ಣಿಮೆಯ ದಿನ ಕೇರಿ ಖಾಲಿ ಮಾಡಿಸಲು ಅಪ್ಪಣೆಯಾಯಿತು. ಬಂಟರ ಮುಖ್ಯಸ್ಥ ದೊರೆಯ ಮುಂದೆ ಕೈಕಟ್ಟಿ ನಿಂತ.

“ಮೊದಲು ಯಾವ ಕಡೆ ಖಾಲಿ ಮಾಡಿಸಲಿ, ಬುದ್ಧಿ?” ಎಂದ.

ಅವನ ಮುಖದಲ್ಲಿ ನಗೆಯಿರಲಿಲ್ಲ. ಅವನ ಹಿಂದೆ ನಿಂತಿದ್ದ ನೂರು ಬಂಟರೂ ನಗಲಿಲ್ಲ. ಯಾರೂ ಹೊರಡಲೂ ಇಲ್ಲ.

ದೊರೆ ಎದ್ದು ಒಳಗೆ ಹೋದ. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮೇದರ ಕೇರಿ ಉಳಿಯಿತು. ಕುದುರೆ ಲಾಯವನ್ನು ಆಶ್ರಮದ ಜಾಗದಲ್ಲಿ ಕಟ್ಟಿದರು.

ಭಾದ್ರಪದದ ಒಂದು ಸಂಜೆ. ಹುಲಿಗೆವ್ವನ ಅಂಗಳದಲ್ಲಿ ಗುರುಗಳು ಚಾಪೆಯ ಮೇಲೆ ಕುಳಿತಿದ್ದರು. ಜಕ್ಕವ್ವ ಗಂಜಿ ತಂದು ಅವರ ಕೈಗಿಟ್ಟಳು. ಹೊಳೆಯಾಚೆಯಿಂದ ಕುದುರೆಗಳ ಕೆನೆತ ಕೇಳುತ್ತಿತ್ತು.

“ಗುರುಗಳೇ, ಒಂದು ಮಾತು ಕೇಳಲೇ?”

“ಕೇಳು.”

“ಅವತ್ತು ಚಾವಡಿಯಲ್ಲಿ ನನ್ನ ಕಾಲು ನಿಲ್ಲುತ್ತಿರಲಿಲ್ಲ. ನಿಮ್ಮ ಕೈ ಹಿಡಿದಿದ್ದಕ್ಕೆ ನಿಂತೆ. ನಿಮಗೆ ಹೆದರಿಕೆ ಆಗಲೇ ಇಲ್ಲವೇ?”

ಗುರುಗಳು ಗಂಜಿಯನ್ನು ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟರು.

“ಇತ್ತು, ಮಗಳೇ. ದೊರೆ ನನ್ನಿಂದ ಕೇಳಿದ್ದೂ ಆ ಹೆದರಿಕೆಯನ್ನೇ. ಕೊಡಲಿಲ್ಲ, ಅಷ್ಟೆ.”