ಮೂರು ನಾಯಿಗಳ ಮನೆಗೆ ಬಂದ ಸೊಸೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳಬೇಡ ಕಂದ, ಬಯಲಲ್ಲಿ ಹುಲ್ಲು ಆಳೆತ್ತರ ಬೆಳೆದು ಕುರಿಮಂದೆ ಅದರೊಳಗೆ ಹೊಕ್ಕರೆ ಬರೀ ಗಂಟೆ ಸದ್ದು ಮಾತ್ರ ಕೇಳಿಸ್ತಿದ್ದ ಕಾಲದಲ್ಲಿ, ಕರಿಗುಡ್ಡ ಅನ್ನೋ ಊರಲ್ಲಿ ಬೊಮ್ಮಕ್ಕ ಅಂತ ಒಬ್ಬ ಯಜಮಾನಿ ಇದ್ಲಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು. ಮೂರು ಜನಕ್ಕೂ ನಾಯಿ ಅಂದ್ರೆ ಪ್ರಾಣ, ಆದ್ರೆ ಒಬ್ಬನಿಗೆ ಹಿಡಿಸಿದ ನಾಯಿ ಇನ್ನೊಬ್ಬನಿಗೆ ಹಿಡಿಸ್ತಿರಲಿಲ್ಲ. ಹಾಗಾಗಿ ಮನೇಲಿ ಮೂರು ಜಾತಿಯ ಮೂರು ನಾಯಿ.

ದೊಡ್ಡವನು ತಂದಿದ್ದು ಮುಧೋಳದ ಕಡೆಯ ಬೇಟೆ ನಾಯಿ. ಹೆಸರು ಬಾಣ. ಉದ್ದ ಮೂತಿ, ಉದ್ದ ಕಾಲು, ಬಿದಿರು ಕಡ್ಡಿ ಹಾಗೆ ಸೊಂಟ. ಎಷ್ಟು ಹಾಕಿದ್ರೂ ಪಕ್ಕೆಲುಬು ಮುಚ್ಚೋದಿಲ್ಲ. ಊರ ಹೆಂಗಸರು ಬಾವಿ ಕಟ್ಟೇಲಿ ಬೊಮ್ಮಕ್ಕನ್ನ ಹಿಡ್ಕೊಂಡು, ಏನಕ್ಕಾ, ಪಾಪದ ಪ್ರಾಣಿಗೆ ಕೂಳು ಹಾಕೋದಿಲ್ವಾ ಅಂತ ಕೇಳೋರು. ಅಯ್ಯೋ, ನಮ್ಮ ಅಟ್ಟದ ಮೇಲಿನ ರೊಟ್ಟಿ ಬುಟ್ಟಿಯನ್ನೇ ನಿಂತಲ್ಲೇ ಇಳಿಸ್ಕೊಂಡು ತಿನ್ನುತ್ತೆ ಕಣ್ರೇ, ಬೇಕಿದ್ರೆ ಒಂದು ವಾರ ನಿಮ್ಮನೇಲಿ ಇಟ್ಕೊಂಡು ನೋಡಿ ಅಂತ ಇವಳು ಅನ್ನೋಳು. ಯಾರೂ ಇಟ್ಕೊಳ್ಳಲಿಲ್ಲ.

ನಡುವಿನವನು ತಂದಿದ್ದು ಅರಮನೆ ಕಡೆಯ ಜೂಲು ನಾಯಿ, ಬೆಳ್ಳಗೆ, ಒಂದು ಹಿಡಿ. ಹೆಸರು ಬೆಣ್ಣೆ. ಎಲೆ ಉದುರಿದ್ರೆ ಬೊಗಳುತ್ತೆ, ಹಲ್ಲಿ ಲೊಚಗುಟ್ಟಿದ್ರೆ ಬೊಗಳುತ್ತೆ, ಬೊಗಳೋಕೆ ಏನೂ ಸಿಗದಿದ್ರೆ ಯಾಕೆ ಏನೂ ಇಲ್ಲ ಅಂತ ಬೊಗಳುತ್ತೆ. ಬೇಸಿಗೇಲಿ ನೀರಿನ ಗುಡಾಣಕ್ಕೆ ಹೊಟ್ಟೆ ಒತ್ತಿಕೊಂಡು ಮಲಗಿಬಿಡೋದು. ನೀರು ಬೇಕಾದವರು ಅದನ್ನ ಎತ್ತಿ ಪಕ್ಕಕ್ಕಿಟ್ಟು, ನೀರು ತಗೊಂಡು, ಮತ್ತೆ ಅಲ್ಲೇ ಇಡಬೇಕು.

ಮೂರನೆಯವನು ಕೆಂಚ. ಅವನು ತಂದಿದ್ದು ಕುರಿ ಕಾಯೋ ನಾಯಿ, ಕಂಬಳಿ ಅಂತ. ಹೆಸರಿಗೆ ತಕ್ಕ ಮೈ. ಕರುವಿನ ಗಾತ್ರ, ಕಪ್ಪು ಕೂದಲು, ಬಾಯಿಂದ ಜೊಲ್ಲು. ಮಳೇಲಿ ನೆನೆದು ಒಳಗೆ ಬಂದ್ರೆ ಮನೆಮಂದಿಯೆಲ್ಲ ಮೂಗು ಮುಚ್ಚಿಕೊಂಡು ಹೊರಗೆ ಹೋಗಬೇಕು. ಆದ್ರೆ ಅದು ಮಂದೆಯ ಜತೆಗಿದ್ರೆ ತೋಳದ ನೆರಳೂ ಸುಳಿಯೋದಿಲ್ಲ.

ಆಮೇಲೆ ಏನಾಯ್ತು, ಅಣ್ಣಂದಿರಿಬ್ಬರಿಗೂ ಹೆಂಡತಿಯರು ಬಂದ ಮೇಲೆ ಕೆಂಚನಿಗೂ ಮದುವೆ ಆಯ್ತು. ಹುಡುಗಿ ಹೊಳೆಯಾಚೆ ಊರಿನವಳು, ಹೊನ್ನಿ ಅಂತ. ಕಣ್ಣು ಚುರುಕು, ಕೈ ಚುರುಕು, ನಕ್ಕರೆ ಇಡೀ ಬೀದಿಗೆ ಕೇಳಿಸ್ಬೇಕು. ಒಂದೇ ಒಂದು ತೊಂದರೆ. ಅವಳಿಗೆ ನಾಯಿ ಅಂದ್ರೆ ಜೀವ ಬಾಯಿಗೆ ಬರೋದು. ಚಿಕ್ಕಂದಿನಲ್ಲಿ ಮಜ್ಜಿಗೆ ತರೋಕೆ ಹೋದಾಗ ಒಂದು ಬೀದಿ ನಾಯಿ ಅಟ್ಟಿಸಿಕೊಂಡು ಬಂದು, ಇವಳು ಚೊಂಬು ಸಮೇತ ತಿಪ್ಪೆಗುಂಡಿಗೆ ಬಿದ್ದಿದ್ಲು. ಅವತ್ತಿಂದ ನಾಯಿ ಇರೋ ಬೀದೀಲಿ ಕಾಲೇ ಇಡ್ತಿರಲಿಲ್ಲ. ಹೆಣ್ಣಿನ ಕಡೆಯವರು ಹಸು ಎಷ್ಟು, ಕುರಿ ಎಷ್ಟು, ಬಾವಿ ನೀರು ಸಿಹಿನಾ ಉಪ್ಪಾ ಅಂತೆಲ್ಲ ಕೇಳಿದ್ರು, ನಾಯಿ ಇದೆಯಾ ಅಂತ ಕೇಳಲಿಲ್ಲ. ಗಂಡಿನ ಕಡೆಯವರೂ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲಪ್ಪ, ನಮ್ಮ ಮನೆಗೆ ಸೂರು ಇದೆ ಅಂತ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ, ಹಾಗೆ ಅವರಿಗೆ ಅದು ಹೇಳೋ ಮಾತೇ ಆಗಿರಲಿಲ್ಲ.

ಹಾಗಾಗಿ ಹೊನ್ನಿ ಸೇರು ಒದ್ದು ಒಳಗೆ ಬಂದು ತಲೆ ಎತ್ತಿ ನೋಡ್ತಾಳೆ, ಮೂರು ನಾಯಿ ಸಾಲಾಗಿ ಕೂತಿವೆ. ಅವಳು ಬಂದ ಹಾಗೇ ಹಿಂದಕ್ಕೆ ಹೋಗಿ ಬಾಗಿಲ ಹೊರಗೆ ನಿಂತ್ಕೊಂಡ್ಲಂತೆ.

ಈಗ ಆ ಮನೇಲಿ ಒಂದು ಪದ್ಧತಿ. ಬೊಮ್ಮಕ್ಕನ ಅತ್ತೆಯ ಅತ್ತೆ ಕಾಲದಿಂದ ನಡ್ಕೊಂಡು ಬಂದಿದ್ದು. ಹೊಸ ಸೊಸೆ ಬಂದ ಮೇಲೆ ಮನೇಲಿ ಎಷ್ಟು ನಾಯಿ ಇದ್ರೆ ಅಷ್ಟು ಸಂಜೆ ನಾಯಿ ತುತ್ತು ಅವಳೇ ಹಾಕಬೇಕು. ಸಂಜೆಗೊಂದು ನಾಯಿಗೆ. ಅದು ಅವಳು ಇಟ್ಟಿದ್ದನ್ನ ತಿನ್ನೋವರೆಗೂ ಮನೇಲಿ ಯಾರ ಮುಂದೂ ಗಂಗಳ ಇಡೋ ಹಾಗಿಲ್ಲ. ಯಾವ ನಾಯಿಗೆ ಏನು ಬೇಕು ಅಂತ ಯಾರೂ ಹೇಳಿಕೊಡೋ ಹಾಗೂ ಇಲ್ಲ. ಗಂಡನಂತೂ ಕೆಮ್ಮೋ ಹಾಗೂ ಇಲ್ಲ.

ಬೊಮ್ಮಕ್ಕ ಕೆಟ್ಟವಳಲ್ಲ. ಬಾಗಿಲ ಹೊರಗೆ ಬಂದು ಸೊಸೇನ ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದ್ಲಂತೆ, ನೋಡವ್ವ, ಗಂಡಸರು ಮಂದೆ ಹೊಡ್ಕೊಂಡು ಹೋದ್ರೆ ತಿಂಗಳಾನುಗಟ್ಟಲೆ ಬರೋದಿಲ್ಲ. ಈ ಬಯಲಲ್ಲಿ ನಮಗೆ ಇವೇ ಗೋಡೆ, ಇವೇ ಬಾಗಿಲು. ನಿನ್ನ ಕೈ ತುತ್ತು ಇವಕ್ಕೆ ಹಿಡಿಸದಿದ್ರೆ ನಿನ್ನ ಇಲ್ಲಿಟ್ಕೊಂಡು ನಾನು ಹೇಗೆ ನಿದ್ದೆ ಮಾಡಲಿ. ಮೂರು ಸಂಜೆ ನೋಡೋಣ, ಆಗದಿದ್ರೆ ಗಾಡಿ ಕಟ್ಟಿಸ್ತೀನಿ, ತವರಲ್ಲಿ ಇದ್ದು ಧೈರ್ಯ ಬಂದ ಮೇಲೆ ಬಾ.

ಅತ್ತೆ ಹೇಳಿದ್ದೇನೋ ಮೆತ್ತಗೆ. ಆದ್ರೆ ಹೊನ್ನಿಗೆ ಗೊತ್ತಿತ್ತು, ಅರಿಶಿನ ಆರೋ ಮೊದಲೇ ತವರಿಗೆ ಬಂದ ಹುಡುಗೀನ ಊರು ಏನನ್ನುತ್ತೆ ಅಂತ. ಮತ್ತೆ ಕೆಂಚನೂ ಅವಳಿಗೆ ಹಿಡಿಸಿದ್ದ.

ಆಮೇಲೆ ಮೊದಲನೇ ಸಂಜೆ. ಬಾಣನ ಸರದಿ. ಹೊನ್ನಿ ರಾಗಿಮುದ್ದೆ ಮುರಿದು ಹಾಲಲ್ಲಿ ಕಲಸಿ, ಬೋಗುಣಿಯನ್ನ ನೆಲದ ಮೇಲಿಟ್ಟು, ಪೊರಕೆ ತುದಿಯಿಂದ ಮುಂದಕ್ಕೆ ನೂಕಿದ್ಲಂತೆ. ದೊಡ್ಡ ಸೊಸೆ ಬಾಗಿಲಿಗೆ ಒರಗಿಕೊಂಡು, ಪೊರಕೇಲಿ ಊಟ ಬಡಿಸೋದು ನಿಮ್ಮೂರ ಪದ್ಧತೀನಾ, ನಾಳೆ ನಿನ್ನ ಗಂಡನಿಗೂ ಹೀಗೇನಾ ಅಂತ ಕೇಳಿದ್ಲು. ಬಾಣ ಮೂಸಿ ನೋಡ್ತು, ಬಿಡ್ತು, ಬಯಲ ಕಡೆ ಮುಖ ಮಾಡಿ ನಿಂತಿತು. ಹೊತ್ತು ಇಳೀತು. ಒಳಗೆ ಗಂಡಸರ ಹೊಟ್ಟೆ ಗುಡುಗುಡು ಅನ್ನೋದು ಹೊರಗೆ ಕೇಳಿಸ್ತಿತ್ತು.

ಆಮೇಲೆ ಬಾಣ ಒಂದು ಹೆಜ್ಜೆ ಇವಳ ಕಡೆ ಬಂತು. ಅಷ್ಟೇ ಸಾಕಾಯ್ತು. ಹೊನ್ನಿ ಪೊರಕೆ ಬಿಸಾಡಿ ಓಡಿದ್ಲು. ಅಂಗಳ ದಾಟಿ, ಕಣ ದಾಟಿ, ಬಯಲಿಗೆ ಬಿದ್ದು ಓಡಿದ್ಲು. ನಾಯಿ ಹಿಂದೇನೇ. ಸತ್ತೆ ಅಂತ ಅವಳು ಕಣ್ಣು ಮುಚ್ಚಿ ಓಡ್ತಿದ್ರೆ ಪಕ್ಕದಲ್ಲಿ ಸುಂಯ್ ಅಂತ ಗಾಳಿ. ಕಣ್ಣು ಬಿಟ್ರೆ ಬಾಣ ಅವಳನ್ನ ದಾಟಿ ಎಲ್ಲೋ ಮುಂದೆ ಹೋಗಿಬಿಟ್ಟಿದೆ. ದೂರದ ಬಂಡೆ ಸುತ್ತಿ ತಿರುಗಿ ಬಂತು, ಮತ್ತೆ ಅವಳನ್ನ ದಾಟಿ ಹೋಯ್ತು, ಮತ್ತೆ ಬಂತು. ಹೊನ್ನಿ ನಿಂತ್ಲು. ನನ್ನ ಅಟ್ಟಿಸಿಕೊಂಡು ಬಂದಿದ್ರೆ ನನಗಿಂತ ಮುಂದೆ ಯಾಕೆ ಹೋಗುತ್ತೆ ಅಂತ ಯೋಚನೆ ಬಂತು, ಯೋಚನೆ ಬಂದ ಮೇಲೆ ನಗು ಬಂತು. ಇಡೀ ಬಯಲಿಗೆ ಕೇಳಿಸೋ ಹಾಗೆ ನಕ್ಕು, ಸೆರಗು ಸಿಕ್ಕಿಸಿ, ಈ ಸಲ ಬೇಕೂ ಅಂತಲೇ ಓಡಿದ್ಲಂತೆ. ಆ ಜಾತಿ ನಾಯಿ ಹಾಗೇ ಕಂದ, ಕಾಲಿನ ಹಸಿವು ತೀರಿದ ಮೇಲೇ ಹೊಟ್ಟೆ ಹಸಿವು. ಮನೆಗೆ ಬಂದಿದ್ದೇ ಬೋಗುಣಿ ನೆಕ್ಕಿ ತಳ ಕಾಣಿಸ್ತು. ಆಮೇಲೆ ಹೊನ್ನಿಯ ಹೊದಿಕೆಯೊಳಗೇ ತೂರಿಕೊಂಡು ಮಲಗ್ತು, ಮೈಯಲ್ಲಿ ಕೊಬ್ಬಿಲ್ಲವಲ್ಲ, ಚಳಿ ತಡೆಯೋದಿಲ್ಲ. ಹೊನ್ನಿ ಮೂಲೇಲಿ ಮುದುರಿಕೊಂಡಿದ್ಲು.

ಎರಡನೇ ಸಂಜೆ ಬೆಣ್ಣೆ. ಇದೇನು, ಇಲಿಗಿಂತ ಸ್ವಲ್ಪ ದೊಡ್ಡದು ಅಂತ ಹೊನ್ನಿ ಧೈರ್ಯವಾಗಿ ಹೋದ್ಲು. ಹಾಲನ್ನ ಇಟ್ಟಳೋ ಇಲ್ಲವೋ, ಬೌ ಬೌ ಬೌ. ಬಳೆ ಸದ್ದಿಗಿರಬೇಕು ಅಂತ ಬಳೆ ತೆಗೆದು ಗೂಡಲ್ಲಿಟ್ಟು ಬಂದ್ಲು, ಬೊಗಳ್ತು. ಕಾಲುಂಗುರಕ್ಕಿರಬೇಕು ಅಂತ ಬೆರಳ ಮೇಲೆ ಸೆರಗು ಮುಚ್ಚಿಕೊಂಡ್ಲು, ಬೊಗಳ್ತು. ಸುಮ್ಮನೆ ನಿಂತ್ಲು, ಅದಕ್ಕೂ ಬೊಗಳ್ತು. ದೊಡ್ಡ ಸೊಸೆ ಕಿವಿಗೆ ಹತ್ತಿ ತುರುಕಿಕೊಂಡು, ಹೊನ್ನವ್ವ, ಅದಕ್ಕೆ ನಿನ್ನ ಮುಖವೇ ಹಿಡಿಸಿಲ್ಲ ಅನ್ಸುತ್ತೆ, ಬೇರೆ ತಂದಿದ್ರೆ ಹಾಕ್ಕೊಂಡು ಬಾ ಅಂದ್ಲು. ಮುಖ ಒಂದೇ ಇರೋದು ಅಕ್ಕಾ, ನಿಮ್ಮದನ್ನೇ ಒಂಚೂರು ಎರವಲು ಕೊಡಿ ಅಂದ್ಲು ಹೊನ್ನಿ. ಒಳಗಿಂದ ಕೆಂಚ ಕಿಸಕ್ ಅಂತ ನಕ್ಕ, ಬೊಮ್ಮಕ್ಕ ಅವನ ತಲೆಗೊಂದು ಮೊಟಕಿದ್ಲು.

ಆಮೇಲೆ ಸಾಕಾಗಿ ಹೊನ್ನಿ ಜಗಲಿ ಮೇಲೆ ಕೂತ್ಲು. ಬೆಳಗ್ಗೆ ಬಾವಿ ದಾರೀಲಿ ಸೀರೆಯಂಚಿಗೆಲ್ಲ ಉತ್ತರಾಣಿ ಮುಳ್ಳು ಅಂಟಿಕೊಂಡಿತ್ತು, ಅದನ್ನ ಒಂದೊಂದೇ ಕೀಳ್ತಾ ಕೂತ್ಲು. ಬೆಣ್ಣೆ ಬೊಗಳೋದು ನಿಲ್ಲಿಸ್ತು. ಅವಳ ಬೆರಳನ್ನೇ ನೋಡ್ತು. ಆಮೇಲೆ ಮೆಲ್ಲಗೆ ಬಂದು ಅವಳ ಮೊಣಕಾಲ ಮೇಲೆ ಒಂದು ಕಿವಿ ಇಟ್ಟಿತಂತೆ. ನೋಡಿದ್ರೆ ಆ ಕಿವಿ ತುಂಬ ಅದೇ ಉತ್ತರಾಣಿ ಮುಳ್ಳು, ಕೂದಲು ಗಂಟುಗಂಟಾಗಿ ಚರ್ಮ ಜಗ್ಗಿ ಕೆಂಪಾಗಿದೆ. ಜೂಲು ನಾಯಿ ಸಾಕೋರಿಗೆ ದಿನಾ ಇದೇ ಕೆಲಸ ತಾನೆ. ನಡುವಿನವನು ಎರಡು ದಿನ ಸಂತೆಗೆ ಹೋಗಿದ್ದ, ಮದುವೆಮನೆ ಗಡಿಬಿಡೀಲಿ ಉಳಿದವರು ಯಾರೂ ಬಾಚಿರಲಿಲ್ಲ. ಹೊನ್ನಿ ಮುಖ ಹಿಂದಕ್ಕೆ ಎಳ್ಕೊಂಡೇ ಒಂದು ಮುಳ್ಳು ಕಿತ್ತಳು, ಇನ್ನೊಂದು ಕಿತ್ತಳು, ಕೊಬ್ಬರಿ ಎಣ್ಣೆ ಹಚ್ಚಿ ಗಂಟು ಬಿಡಿಸಿದ್ಲು. ಮುಖ ಯಾವಾಗ ಅಷ್ಟು ಹತ್ತಿರ ತಂದ್ಲು ಅಂತ ಅವಳಿಗೇ ಗೊತ್ತಾಗಲಿಲ್ಲ. ಬೆಣ್ಣೆ ಅವಳ ಮಡಿಲಲ್ಲೇ ಕೂತು ಹಾಲು ಕುಡೀತು. ಆಮೇಲೆ ಆ ಮಡಿಲಿನ ಹತ್ತಿರ ಬಂದೋರಿಗೆಲ್ಲ ಬೊಗಳೋಕೆ ಶುರುಮಾಡ್ತು, ಸಂತೆಯಿಂದ ಬಂದ ತನ್ನ ಯಜಮಾನನಿಗೂ ಸೇರಿ.

ನಿದ್ದೆ ಬಂತಾ? ಇಲ್ವಾ. ಸರಿ ಕೇಳು.

ಮೂರನೇ ಸಂಜೆ ಕಂಬಳಿ. ಅದರ ತಲೆಯೇ ಹೊನ್ನಿಯ ಸೊಂಟಕ್ಕೆ ಬರುತ್ತೆ. ಎರಡು ಗೆದ್ದಿದ್ದೀನಿ, ಇದೊಂದು ಸೋತರೆ ಅವೆರಡೂ ನೀರುಪಾಲು ಅಂತ ಅಂದುಕೊಂಡು, ದೊಡ್ಡ ಮುದ್ದೆ, ಅದರ ಮೇಲೆ ಮೂಳೆ ಸಾರು ಹಾಕಿ, ಈ ಸಲ ಪೊರಕೆ ಇಲ್ಲದೆ ಕೈಯಾರೆ ಹೊಸಿಲ ಹತ್ತಿರ ಇಟ್ಟು ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಿಂತ್ಲು. ಕಂಬಳಿ ಮುದ್ದೆ ನೋಡ್ತು. ಜೊಲ್ಲು ಸುರೀತು. ತಿನ್ನಲಿಲ್ಲ.

ಹೊನ್ನಿ ಬೆಲ್ಲ ತಂದು ಇಟ್ಲು, ಇಲ್ಲ. ತುಪ್ಪ ತಂದು ಸುರಿದ್ಲು, ಇಲ್ಲ. ಪ್ರತಿಸಲವೂ ಹೊಸಿಲ ಹತ್ತಿರ ಇಡೋದು, ಮರದ ಕೆಳಗೆ ಓಡೋದು. ಕಂಬಳಿ ಎದ್ದು ಒಳಗೆ ಹೋಗಿ ಒಂದು ಸುತ್ತು ಹಾಕ್ತು. ಕುರಿ ಕಾಯೋ ನಾಯಿಗೆ ಅದೊಂದು ಚಾಳಿ, ಎಲ್ಲರೂ ಒಳಗೆ ಸೇರಿದ್ದಾರಾ ಅಂತ ನೋಡಿಕೊಂಡ ಮೇಲೇ ಅದರ ಊಟ. ಅಣ್ಣತಮ್ಮಂದಿರು ಮೂರೂ ಜನ ಒಳಗಿದ್ರು. ಬೊಮ್ಮಕ್ಕನೂ ಹಳೇ ಸೊಸೆಯರಿಬ್ಬರೂ ಇದ್ರು. ಮರಿಗಳು ದೊಡ್ಡೀಲಿ, ಕೋಳಿ ಪಂಜರದಲ್ಲಿ. ಎಲ್ಲರನ್ನೂ ಮೂಸಿ ನೋಡಿಕೊಂಡು ಬಂದು ಮತ್ತೆ ಮುದ್ದೆ ಮುಂದೆ ನಿಂತು ಕುಂಯ್ ಅಂತು.

ದೀಪ ಹಚ್ಚೋ ಹೊತ್ತು ದಾಟ್ತು. ಈ ಸಲ ದೊಡ್ಡ ಸೊಸೆಯೂ ಏನೂ ಅನ್ನಲಿಲ್ಲ. ಅವಳು ಸುಮ್ಮನಾಗಿದ್ದು ನೋಡಿಯೇ ಹೊನ್ನಿಗೆ ಎದೆ ಒಡೀತು. ತನ್ನ ಬಟ್ಟೆ ಗಂಟು ತಂದು ಮರದ ಬುಡದಲ್ಲಿಟ್ಕೊಂಡು, ಅತ್ತೆ, ನೀವು ಹಸ್ಕೊಂಡು ಕೂರಬೇಡಿ, ಇದು ನನ್ನ ಕೈಲಿ ಆಗೋದಿಲ್ಲ, ಗಾಡಿ ಕಟ್ಟಿಸಿ ಅಂದ್ಲಂತೆ. ಕೆಂಚ ಎದ್ದು ನಿಂತವನು ಪದ್ಧತಿ ನೆನಪಾಗಿ ಕಂಬ ಹಿಡ್ಕೊಂಡ. ಹೊನ್ನಿ ಗಂಟು ಕಂಕುಳಿಗೆ ಸಿಕ್ಕಿಸಿ ದಾರಿ ಕಡೆ ತಿರುಗಿದ್ಲು.

ಆಗ ಕಂಬಳಿ ಅಂಗಳಕ್ಕೆ ಇಳೀತು. ಬೊಗಳಲಿಲ್ಲ, ಓಡಲಿಲ್ಲ. ದೊಡ್ಡ ಸುತ್ತು ಹಾಕ್ಕೊಂಡು ಬಂದು ದಾರಿಗೆ ಅಡ್ಡ ನಿಂತಿತು. ಹೊನ್ನಿ ಒಂದು ಹೆಜ್ಜೆ ಹಿಂದಕ್ಕಿಟ್ಲು. ಎಡಕ್ಕೆ ಸರಿದ್ಲು, ಎಡಕ್ಕೆ ಬಂತು. ಬಲಕ್ಕೆ ಸರಿದ್ಲು, ಬಲಕ್ಕೂ ಬಂತು. ಆಮೇಲೆ ಅವಳ ಹಿಂದೆ ಹೋಗಿ ಆ ದೊಡ್ಡ ತಲೆಯಿಂದ ಅವಳ ಮೊಣಕಾಲ ಹಿಂದೆ ಮೆತ್ತಗೆ ನೂಕ್ತು. ಒಂದು ಹೆಜ್ಜೆ ಮನೆ ಕಡೆ. ನಿಂತ್ಲು, ಮತ್ತೆ ನೂಕ್ತು. ಮಂದೆ ಬಿಟ್ಟು ಹೋದ ಮರೀನ ಹೇಗೆ ಹೊಡ್ಕೊಂಡು ಬರುತ್ತೋ ಹಾಗೇ, ಅಂಗಳ ದಾಟಿಸಿ, ಮೆಟ್ಟಿಲು ಹತ್ತಿಸಿ, ಹೊಸಿಲೊಳಗೆ ದಾಟಿಸಿ, ಕೆಂಚನ ಪಕ್ಕ ಅವಳನ್ನ ನಿಲ್ಲಿಸ್ತು. ಸೀರೆಗೆಲ್ಲ ಜೊಲ್ಲು.

ಆಮೇಲೆ ತಿರುಗಿ ಒಮ್ಮೆ ಎಲ್ಲರನ್ನೂ ನೋಡಿ, ಹೊಸಿಲ ಹತ್ತಿರ ಹೋಗಿ, ಲೊಚಲೊಚ ಅಂತ ಮುದ್ದೆ ತಿನ್ನೋಕೆ ಕೂತಿತಂತೆ.

ಬೊಮ್ಮಕ್ಕ ಸೆರಗಲ್ಲಿ ಕಣ್ಣೊರೆಸ್ಕೊಂಡು, ನಾನಿನ್ನೂ ನೋಡೋಣ ನೋಡೋಣ ಅಂತಿದ್ದೆ ಕಣವ್ವ, ಅದು ನಿನ್ನನ್ನ ಮನೆಯವಳು ಅಂತ ಯಾವಾಗಲೋ ಸೇರಿಸ್ಕೊಂಡಿತ್ತು. ನೀನು ಹೊರಗೆ ನಿಂತಿದ್ರೆ ಅದು ಹೇಗೆ ಉಣ್ಣುತ್ತೆ ಅಂದ್ಲು. ದೊಡ್ಡ ಸೊಸೆ ಹೊನ್ನಿಯ ಕಂಕುಳಿನ ಗಂಟು ಕಿತ್ಕೊಂಡು, ಸಾಕು ಬಾರೇ ಕುರಿಮರಿ, ಗಂಗಳ ಹಾಕು, ನಮಗೆ ಮೂರು ದಿನದ ಹಸಿವು ಅಂದ್ಲು. ಹೊನ್ನಿ ಬಗ್ಗಿ, ಒಂದೇ ಒಂದು ಬೆರಳಿಂದ, ಕಂಬಳಿಯ ಬೆನ್ನು ಮುಟ್ಟಿದ್ಲು. ಅದು ತಿನ್ನೋದು ಬಿಟ್ಟು ತಲೆ ಎತ್ತಲಿಲ್ಲ, ಬಾಲ ಮಾತ್ರ ನೆಲಕ್ಕೆ ಪಟ್ ಅಂತ ಹೊಡೀತು. ಆಮೇಲೆ ಅವಳು ಇಡೀ ಅಂಗೈ ಇಟ್ಲಂತೆ.

ಅವತ್ತು ಎಲ್ಲರೂ ಹೊಟ್ಟೆ ತುಂಬ ಉಂಡ್ರು, ನಾಯಿಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ವು, ಕೊನೆಗೆ ಕಂಬಳಿ ಹೋಗಿ ಹೊಸಿಲಿಗೆ ಅಡ್ಡ ಬಿದ್ಕೊಳ್ತು. ಇನ್ನು ಅದನ್ನ ದಾಟಿಕೊಂಡು ಕತೆ ಹೊರಗೆ ಹೋಗೋದಾದ್ರೂ ಹೇಗೆ. ಅಲ್ಲೇ ಮುಗೀತು ಕಂದ, ಮಲಗು.