ಮುದ್ದೀರನ ನುಗ್ಗೆಕೋಲು

ಏಳು ಕೆರೆಯಾಚೆ, ಎಂಟು ಕಟ್ಟೆಯೀಚೆ ಒಂದೂರು. ಆ ಊರಲ್ಲಿ ಮುದ್ದೀರ ಅಂತ ಒಬ್ಬ ಬೇಲಿ ಕಟ್ಟುವವನಿದ್ದನಂತೆ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಆಸಾಮಿ. ಉಣ್ಣುವಾಗಲೂ ಎರಡು ತುತ್ತಿಗೊಮ್ಮೆ ಎದ್ದು ಹಿತ್ತಲಿಗೆ ಹೋಗಿ ಬರುತ್ತಿದ್ದನಂತೆ. ಏನಕ್ಕೆ ಅಂದರೆ ಅವನಿಗೂ ಗೊತ್ತಿಲ್ಲ!

ಅಲ್ಲಿನ ರಾಜ ತನ್ನ ಹಂಸಗಳು ಬೆದರಬಾರದೆಂದು ಕೆರೆಯ ಸುತ್ತ ಬೇಲಿ ಹಾಕಿಸಿದ. ಹಾಕಿದವನು ಮುದ್ದೀರನೇ. ಮೂರು ದಿನ ದನಗಳು ಬೇಲಿಯಾಚೆ ನಿಂತು ಅಂಬಾ ಅಂದವು. ನಾಲ್ಕನೆಯ ದಿನ ಮುದ್ದೀರನೇ ಹೋಗಿ ಬೇಲಿಯಲ್ಲಿ ಕಂಡಿ ತೆಗೆದ. ದನ ನೀರು ಕುಡಿದವು, ಹಂಸ ಹಾರಿಹೋದವು, ತಳವಾರರು ಬಂದು ಮುದ್ದೀರನನ್ನು ಹೆಡೆಮುರಿ ಕಟ್ಟಿದರು.

“ಕಳಿಸಿ ಇವನನ್ನ ಕರಿನೀರಿನಾಚೆಗೆ!” ಅಂದನಂತೆ ರಾಜ.

ಕರಿನೀರು ಅಂದರೆ ಕಡಲು. ಕಡಲಿನಾಚೆ ಕೈದಿಗಳ ನಡುಗಡ್ಡೆ. ಅಲ್ಲಿ ಬರೀ ಮರಳು, ಕೇದಗೆ ಮೆಳೆ ಬಿಟ್ಟರೆ ಮತ್ತೊಂದು ಮರವಿಲ್ಲ. ವರ್ಷಕ್ಕೊಂದೇ ಸಲ ಹಡಗು. ಹೋಗುವವನಿಗೆ ಮನೆಯವರು ಎಲೆಯಿಲ್ಲದ ಒಂದು ಕೈಕೋಲು ಕೊಡಬಹುದು, ಅಷ್ಟೆ. ಆದರೆ ರಾಜನ ಮುದ್ರೆಯೊತ್ತಿದ ಮಾತೊಂದಿತ್ತು: ನಡುಗಡ್ಡೆಯಲ್ಲಿ ಯಾರು ನೆಟ್ಟ ಕೋಲು ಚಿಗುರುತ್ತದೋ ಅವನು ಹಡಗು ಹತ್ತಿ ವಾಪಸು ಬರಬಹುದು. ಕೈಕೋಲು ಎಲ್ಲಾದರೂ ಚಿಗುರುತ್ತದೆಯೇ? ರಾಜನಿಗೆ ಅದೊಂದು ತಮಾಷೆ. ಮನೆಯವರೋ ಪಾಪ, ಗಟ್ಟಿಯಾಗಿರಲಿ ಎಂದು ಒಣಗಿದ ಬಿದಿರನ್ನೋ ತೇಗವನ್ನೋ ತಂದುಕೊಡುತ್ತಿದ್ದರು.

ಮುದ್ದೀರನ ಹೆಂಡತಿ ಚಿಕ್ಕತಾಯಿ ಏಳು ತಿಂಗಳ ಬಸುರಿ. ಅವಳು ಹಿತ್ತಲ ನುಗ್ಗೆಮರದ ಕೊಂಬೆಯೊಂದನ್ನು ಕಡಿದು, ಎಲೆ ಸವರಿ ತಂದಳು.

“ಇದನ್ನ ಊರಿದ್ರೆ ಮೊದಲ ಹೆಜ್ಜೆಗೇ ಲಟಕ್ ಅಂತದೆ ಕಣವ್ವ,” ಎಂದು ತಳವಾರ ನಕ್ಕ.

“ಅಂದ್ರೆ ಅನ್ಲಿ ಬಿಡಣ್ಣ,” ಎಂದು ಗಂಡನತ್ತ ತಿರುಗಿದಳು. “ಮಗ ಹೊಸಿಲು ದಾಟುವಾಗ ಆಚೆ ಅಪ್ಪ ಕೈಚಾಚಿ ಇರಬೇಕು. ಮುಂದಿನ ಹಡಗಿಗೇ ಬಂದ್ಬಿಡು.”

ಬೇಲಿ ಕಟ್ಟುವವನಿಗೆ ನುಗ್ಗೆಕೊಂಬೆಯ ಗುಣ ಹೇಳಿಕೊಡಬೇಕೇ? ಊರಿದಲ್ಲಿ ಬೇರು ಬಿಡುವ ಜಾತಿ ಅದು. ಬುಡಕ್ಕೆ ಒದ್ದೆಬಟ್ಟೆ ಸುತ್ತಿ, ಹಡಗಿನ ಈ ತುದಿಯಿಂದ ಆ ತುದಿಗೆ ಅಡ್ಡಾಡುತ್ತಲೇ ಕಡಲು ದಾಟಿದ. ಇಳಿದವನೇ ಕೋಲು ನೆಟ್ಟ.

ನೆಟ್ಟನೋ ಸರಿ, ಸುಮ್ಮನಿರಬೇಕಲ್ಲ! ಬೆಳಗ್ಗೆ ಕಿತ್ತು ನೋಡಿದ, ಬೇರಿಲ್ಲ. ಮಧ್ಯಾಹ್ನ ಕಿತ್ತು ನೋಡಿದ, ಬೇರಿಲ್ಲ. ನೆಟ್ಟ, ಕಿತ್ತ, ಕಿತ್ತ, ನೆಟ್ಟ. ಹದಿನೈದು ದಿನಕ್ಕೆ ಬುಡ ಕೊಳೆತು ಕೈಗೆ ಬಂತಂತೆ.

ಹನ್ನೆರಡು ವರ್ಷದಿಂದ ಅಲ್ಲೇ ಇದ್ದ ಮುದುಕ ಕೈದಿ ದ್ಯಾವಜ್ಜ. ಅವನು ನೋಡಿ ನೋಡಿ ಸಾಕಾಗಿ, “ಅಲ್ಲಯ್ಯ, ನೀನು ಮಲಗಿರುವಾಗ ಗಳಿಗೆಗೊಂದು ಸಲ ಎಬ್ಬಿಸಿ ‘ನಿದ್ದೆ ಬಂತಾ, ನಿದ್ದೆ ಬಂತಾ’ ಅಂತ ಕೇಳಿದ್ರೆ ನಿದ್ದೆ ಬರುತ್ತೇನಯ್ಯ ನಿನಗೆ?” ಅಂದ.

“ನಂಗೂ ಗೊತ್ತು ಕಣಜ್ಜ. ಈ ಕೈ ಕೇಳಲ್ವಲ್ಲ!”

ಉಳಿದದ್ದು ಮೊಳದುದ್ದದ ತುಂಡು. ಅದೂ ಹೋದರೆ ಮಗು ಹೊಸಿಲು ದಾಟುವುದನ್ನು ನೋಡುವ ಹಾಗಿಲ್ಲ. ಮುದ್ದೀರ ಅದನ್ನು ನೆಟ್ಟ. ನೆಟ್ಟವನೇ ಕೇದಗೆಯ ಮುಳ್ಳು ಹೊತ್ತು ತಂದು ಸುತ್ತಲೂ ತಲೆಮಟ್ಟದ ಬೇಲಿ ಕಟ್ಟಿದ. ಇಲಿ ನುಗ್ಗಲೂ ಕಂಡಿಯಿಲ್ಲ.

“ಇಲ್ಲಿ ದನವಿಲ್ಲ, ಕರುವಿಲ್ಲ. ಯಾರಿಗಯ್ಯ ಈ ಬೇಲಿ?”

“ನನಗೇ ಅಜ್ಜ.”

ಬೇಲಿಯ ಸುತ್ತ ತಿರುಗಿದ, ತಿರುಗಿದ, ಅವನ ಕಾಲು ಸವೆಸಿ ಅಲ್ಲೊಂದು ದಾರಿಯೇ ಬಿತ್ತಂತೆ. ಒಂದು ತಿಂಗಳಾಯಿತು, ಎರಡಾಯಿತು, ಮೂರಾಯಿತು. ಒಂದು ಬೆಳಗ್ಗೆ ಬೇಲಿಯ ಮೇಲಿಂದ ಹಸಿರು ಕುಡಿ ಇಣುಕಿತು. ನಡುಗಡ್ಡೆಗೆ ನಡುಗಡ್ಡೆಯೇ ಓಡಿಬಂತು ನೋಡಲು!

ಗಿಡ ಕವಲೊಡೆದು ಬಲಿತ ಮೇಲೆ ಮುದ್ದೀರ ಬೇಲಿಗೆ ಕಂಡಿ ತೆಗೆದ. ಒಬ್ಬೊಬ್ಬ ಕೈದಿಗೂ ಒಂದೊಂದು ಕೊಂಬೆ ಕಡಿದುಕೊಟ್ಟು, “ನೆಡಿ. ಆಮೇಲೆ ಮುಟ್ಟಿದ್ರೆ ಜೋಕೆ!” ಅಂದನಂತೆ. ಹೇಳಿದವನು ಯಾರು ನೋಡಿ!

ಹಡಗು ಬಂದಾಗ ದಡದುದ್ದಕ್ಕೂ ಚಿಗುರಿದ ಕೋಲುಗಳು. ತಳವಾರ ತಲೆ ಕೆರೆದುಕೊಂಡ. ಮುದ್ರೆಯೊತ್ತಿದ ಮಾತು, ರಾಜನೂ ಮೀರುವಂತಿಲ್ಲ. ದ್ಯಾವಜ್ಜನೂ ಸೇರಿ ಅಷ್ಟೂ ಜನ ಹಡಗು ಹತ್ತಿದರು.

ದಡ ಮುಟ್ಟಿದ್ದೇ ಮುದ್ದೀರ ಓಡಿದ. ಮನೆಯಂಗಳಕ್ಕೆ ಬಂದರೆ, ಹೊಸಿಲಿನೊಳಗೆ ಅಂಬೆಗಾಲಿಟ್ಟ ಹೆಣ್ಣುಮಗು. ಹೊಸ ಮುಖ ಕಂಡು ಒಂದು ಕೈ ಮುಂದಿಟ್ಟಿತು, ಹಿಂದಕ್ಕೆಳೆದುಕೊಂಡಿತು.

“ಎತ್ಕೋಬ್ಯಾಡ, ಅದೇ ಬರಲಿ,” ಅಂದಳು ಒಳಗಿಂದ ಚಿಕ್ಕತಾಯಿ.

ಮುದ್ದೀರ ಕೈಚಾಚಿ ಕೂತ. ಮೂಗಿನ ಮೇಲೆ ನೊಣ ಕೂತಿತು, ಅಲ್ಲಾಡಲಿಲ್ಲ. ಒಲೆಯ ಮೇಲಿನ ಅಕ್ಕಿ ಬೆಂದು, ಗಂಜಿ ಬಸಿದು, ಅನ್ನ ಆರುವವರೆಗೂ ಅಲ್ಲಾಡಲಿಲ್ಲವಂತೆ. ಆಗ ಮಗು ಹೊಸಿಲು ದಾಟಿತು.

ಅವರು ನುಗ್ಗೆಸೊಪ್ಪಿನ ಸಾರುಂಡು ಅಲ್ಲಿ ತಣ್ಣಗಿದ್ದಾರೆ. ಕಥೆ ಹೇಳಿ ಬಾಯೊಣಗಿ ನಾನಿಲ್ಲಿ ನೀರಿನ ಚೊಂಬು ಹುಡುಕುತ್ತಿದ್ದೇನೆ.